ಮತಯಂತ್ರ ಬಂತು, ರಸ್ತೆ ಬರಲಿಲ್ಲ

ಅಮಿತ್ ಮಸೂರ್ಕರ್ ನಿರ್ದೇಶನದ ‘ನ್ಯೂಟನ್’ (2017) ಹಿಂದಿ ಸಿನಿಮಾ. ನಮ್ಮ ಮನೆಮಾತು ಉರ್ದು, ಹಾಗಾಗಿ ಅಮ್ಮಿಯೂ ಜೊತೆಗೆ ಕೂತು ನೋಡಿದರು. ಛತ್ತೀಸ್‌ಗಢದ ಕಾಡಿನಲ್ಲಿ 76 ಮತದಾರರಿಗಾಗಿ ಮತಗಟ್ಟೆ ನಡೆಸಲು ಹೋಗುವ ಅಧಿಕಾರಿಯ ಪಾತ್ರ ರಾಜ್‌ಕುಮಾರ್ ರಾವ್ ಅವರದು. ನಕ್ಸಲರ ಭಯ ಒಂದು ಕಡೆ, ಬೇಗ ಮುಗಿಸಿ ಹೊರಡಿ ಎನ್ನುವ ಭದ್ರತಾ ಪಡೆ ಇನ್ನೊಂದು ಕಡೆ. ಜನರ ಗೊಂಡಿ ಭಾಷೆ ಅವನಿಗೆ ಬಾರದು. ಮತ ಹಾಕಿದರೆ ನಮಗೇನು ಸಿಗುತ್ತದೆ ಎಂಬ ಅವರ ಪ್ರಶ್ನೆಗೆ ಅವನ ಬಳಿ ಸರಿಯಾದ ಉತ್ತರವೂ ಇಲ್ಲ.

ಇದು ದೂರದ ಊರಿನ ಕಥೆ ಎಂದು ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಂಜನಗೂಡು, ತಿ. ನರಸೀಪುರ ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿವೆ. ಅದೇ ಕ್ಷೇತ್ರದ ಇಂಡಿಗನತ್ತದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, 2024ರ ಏಪ್ರಿಲ್ 26ರಂದು ಮತಗಟ್ಟೆ ಧ್ವಂಸವಾಯಿತು. ಅಲ್ಲಿ ಬಂದೂಕಿನ ಭಯವಿರಲಿಲ್ಲ. ರಸ್ತೆ, ನೀರು, ವಿದ್ಯುತ್ ಇಲ್ಲವೆಂದು ಜನ ಮತದಾನ ಬಹಿಷ್ಕರಿಸಿದ್ದರು. ಪಕ್ಕದ ಮೆಂದಾರೆಯ ಕೆಲವರು ಮತ ಹಾಕಲು ಬಂದಾಗ ಗಲಾಟೆಯಾಯಿತು.

ಯಂತ್ರ ಒಡೆದದ್ದು ತಪ್ಪೇ. ಅದರಲ್ಲಿ ಬೇರೆಯವರ ಮತವೂ ಇತ್ತು. ಒಂದು ಮತ ಎಂದರೆ ಸಣ್ಣದಲ್ಲ. 2004ರಲ್ಲಿ ಇಲ್ಲೇ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಆದರೆ ಬಹಿಷ್ಕಾರ ಹಾಕಿದವರನ್ನು ‘ತಿಳಿವಳಿಕೆ ಇಲ್ಲದವರು’ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಅವರು ಕೇಳಿದ್ದು ಸಿನಿಮಾದ ಜನ ಕೇಳಿದ ಪ್ರಶ್ನೆಯನ್ನೇ. ಏಪ್ರಿಲ್ 29ರಂದು ಮರುಮತದಾನ ನಡೆಯಿತು, ಬಂದವರು ಬಹಳ ಕಡಿಮೆ. ಹೊಸ ಯಂತ್ರ ಬೆಟ್ಟ ಹತ್ತಲು ಬೇಕಾದದ್ದು ಮೂರೇ ದಿನ. ರಸ್ತೆಗೆ ಎಷ್ಟು ದಿನ ಬೇಕು ಎಂದು ಯಾರನ್ನು ಕೇಳಬೇಕು?