ಕೂಲಿ, ಲಸಿಕೆ, ಮರ್ಯಾದೆ: ಪ್ರಾಣಿಗಳ ಜತೆ ದುಡಿಯುವವರ ಪ್ರಣಾಳಿಕೆ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಪ್ರಾಣಿಗಳ ಜತೆ ದಿನ ಕಳೆಯುವ ನಾವು ಇಂದಿನಿಂದ ಒಂದು ಚಳವಳಿಯಾಗಿ ಸೇರುತ್ತಿದ್ದೇವೆ. ನಮ್ಮಲ್ಲಿ ಬಲೆ ಹಿಡಿದು ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ವ್ಯಾನ್ ಹತ್ತುವವರಿದ್ದಾರೆ. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಎಚ್ಚರ ಬರುವ ತನಕ ಪಕ್ಕದಲ್ಲೇ ಕೂರುವ ಸಹಾಯಕರಿದ್ದಾರೆ, ಪಶುವೈದ್ಯರಿದ್ದಾರೆ, ಆಂಬುಲೆನ್ಸ್ ಓಡಿಸುವವರಿದ್ದಾರೆ, ಹಾವು ಹಿಡಿಯುವವರಿದ್ದಾರೆ. ನಾಲ್ಕು ಮನೆಯ ಕೆಲಸ ಮುಗಿಸಿ, ಕೋಳಿ ಅಂಗಡಿಯಿಂದ ಕಾಲು-ತಲೆ ಕೊಂಡು, ಅನ್ನದ ಜತೆ ಬೇಯಿಸಿ ಬೀದಿಯ ನಾಯಿಗಳಿಗೆ ಹಾಕುವ ಹೆಂಗಸರಿದ್ದಾರೆ. ರಾತ್ರಿ ಪಾಳಿಯ ಸೆಕ್ಯುರಿಟಿಯವರಿದ್ದಾರೆ. ಕೆಲವರಿಗೆ ಸಂಬಳವಿದೆ, ಹೆಚ್ಚಿನವರದು ಕೈಯಿಂದ ಖರ್ಚು. ಎಲ್ಲರ ಬಗ್ಗೆಯೂ ಊರಿನದು ಒಂದೇ ಮಾತು: ‘ಬಿಡಿ, ಅವರಿಗೆ ಪ್ರಾಣಿ ಹುಚ್ಚು.’

ನಾವು ಮಾಡುತ್ತಿರುವುದು ನಗರದ ಕೆಲಸ. ಬೀದಿ ಗುಡಿಸುವುದು ಹೇಗೆ ನಗರದ ಕೆಲಸವೋ ಹಾಗೇ. ಆ ಕೆಲಸದವರು, ನಮ್ಮ ಪೌರಕಾರ್ಮಿಕರು, ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ ಮೇಲೆಯೇ ಅವರಲ್ಲಿ ಸಾವಿರಾರು ಜನರ ಕೈಗೆ 2025ರ ಮೇ 1ರಂದು ಕಾಯಂ ನೇಮಕದ ಪತ್ರ ಬಂತು. ನಾವು ಆ ದಾರಿಯಲ್ಲಿ ಇನ್ನೂ ಮೊದಲ ಹೆಜ್ಜೆ ಇಡುತ್ತಿದ್ದೇವೆ.

ಈಗಲೇ ಯಾಕೆ? 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ರೇಬೀಸ್ ತಗುಲಿದವನ್ನೂ ಮೈಮೇಲೆ ಬೀಳುವವನ್ನೂ ಮಾತ್ರ ಬಿಡಬಾರದೆಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯತಾಣಗಳಲ್ಲಿ ಇಡಬೇಕೆಂದಿತು. ಪರ-ವಿರೋಧದ ಕೂಗು ಟಿವಿಯಲ್ಲೂ ಅಪಾರ್ಟ್‌ಮೆಂಟ್ ಸಭೆಗಳಲ್ಲೂ ಸಾಕಷ್ಟಾಯಿತು. ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬೀದಿಗೆ ಬಿಡುವುದಾದರೂ ಆಶ್ರಯತಾಣದಲ್ಲಿಡುವುದಾದರೂ ಆ ನಾಯಿಯನ್ನು ಹಿಡಿಯುವವರು ಯಾರು? ಅದರ ಹೊಲಿಗೆ ನೋಡುವವರು, ಮಲ ತೊಳೆಯುವವರು, ಕಚ್ಚಿಸಿಕೊಳ್ಳುವವರು ಯಾರು? ಆದೇಶ ಯಾವ ಕಡೆ ತಿರುಗಿದರೂ ಕೊನೆಗೆ ಅದು ಬಂದು ಬೀಳುವುದು ಅದೇ ನಾಲ್ಕು ಜನರ ಕೈಮೇಲೆ.

ಈ ಕೈಗಳು ಏನು ಮಾಡಬಲ್ಲವು ಎಂಬುದಕ್ಕೆ ಲೆಕ್ಕವಿದೆ. ಬಿಬಿಎಂಪಿಯ 2019ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು 3.10 ಲಕ್ಷ, 2023ರಲ್ಲಿ 2.79 ಲಕ್ಷ. ಸಂತಾನಹರಣವಾದ ನಾಯಿಗಳ ಪ್ರಮಾಣ ಅದೇ ಅವಧಿಯಲ್ಲಿ ಸುಮಾರು ಶೇ. 51ರಿಂದ ಶೇ. 72ಕ್ಕೆ ಏರಿತ್ತು. ಇದಕ್ಕೆ ಎದುರಾಗಿ 2007ನ್ನು ನೆನೆಯಬೇಕು. ಆ ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ಊರಿನ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಸತ್ತರು. ಆ ಮನೆಗಳ ಸಂಕಟವನ್ನು ಬದಿಗಿಟ್ಟು ಪ್ರಾಣಿದಯೆಯ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಆಮೇಲೆ ನಡೆದದ್ದು ಸಿಕ್ಕಸಿಕ್ಕ ನಾಯಿಯನ್ನು ಹಿಡಿದು ಕೊಲ್ಲುವ ಭರಾಟೆ. ಅದರಿಂದ ಸಮಸ್ಯೆ ತೀರಿದ್ದರೆ ಇವತ್ತು ಈ ಮಾತೇ ಬೇಕಿರಲಿಲ್ಲ.

ನಾಯಿಗಳ ಲೆಕ್ಕ ಇಳಿಸಿದ್ದು ಔಷಧ, ಕತ್ತರಿಗಳಷ್ಟೇ ಅಲ್ಲ, ಬೀದಿಯ ತಿಳಿವಳಿಕೆ ಕೂಡ. ಒಂದು ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಲ್ಲದು. ಗಬ್ಬ ಕಟ್ಟಿದರೆ ಎರಡೇ ತಿಂಗಳಲ್ಲಿ ಮರಿ ಹಾಕುತ್ತದೆ. ಬೀದಿಯ ಹತ್ತು ನಾಯಿಗಳಲ್ಲಿ ಒಂಬತ್ತರ ಕಿವಿಯಲ್ಲಿ ಸಂತಾನಹರಣವಾದದ್ದನ್ನು ಹೇಳುವ ಕಚ್ಚಿನ ಗುರುತಿದ್ದರೂ ತಪ್ಪಿಸಿಕೊಂಡ ಒಂದೇ ಹೆಣ್ಣು ಸಾಕು, ಮುಂದಿನ ಮಳೆಗಾಲಕ್ಕೆ ಮೋರಿಯೊಳಗೆ ಮರಿಗಳು. ಆ ಒಂದು ನಾಯಿ ವ್ಯಾನಿನ ಸದ್ದು ಕೇಳಿದರೆ ಎರಡು ಅಡ್ಡರಸ್ತೆ ದಾಟಿ ಓಡುತ್ತದೆ. ದಿನಾ ಅನ್ನ ಹಾಕುವ ಅಮ್ಮ ಕರೆದರೆ ಬಾಲ ಅಲ್ಲಾಡಿಸುತ್ತಾ ಬರುತ್ತದೆ. ಯಾವುದು ಹೊಸದಾಗಿ ಬಂದದ್ದು, ಯಾವುದು ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಯಾವುದರ ಬಾಯಲ್ಲಿ ಜೊಲ್ಲು ಸುರಿಯುತ್ತಿದೆ ಎಂದು ಮೊದಲು ಗಮನಿಸುವವಳೂ ಅವಳೇ. ಅವಳನ್ನು ಬೀದಿಯಿಂದ ಓಡಿಸಿದ ಕಾಲೋನಿ ತನ್ನ ಕಾವಲನ್ನೇ ಓಡಿಸಿಕೊಂಡಂತೆ. 2023ರ ಎಬಿಸಿ ನಿಯಮಗಳ 20ನೇ ನಿಯಮ ಈ ಮಾತನ್ನು ಒಪ್ಪಿದೆ: ಊಟ ಹಾಕುವ ಜಾಗ ಗೊತ್ತುಮಾಡುವುದು ನಿವಾಸಿಗಳ ಸಂಘದ ಹೊಣೆ, ಹಾಗೆ ಊಟ ಹಾಕುವವರು ಹಿಡಿಯುವ, ಲಸಿಕೆ ಹಾಕಿಸುವ ಕೆಲಸದಲ್ಲೂ ಜತೆಯಾಗಬಹುದು. ನಮ್ಮ ನಾಲ್ಕೂ ಬಡಾವಣೆಗಳ ಪ್ರತಿಯೊಂದು ಸಂಘವೂ ಈ ಜಾಗಗಳನ್ನು ಬರವಣಿಗೆಯಲ್ಲಿ ಗೊತ್ತುಮಾಡಬೇಕು. ತಕರಾರು ಬಂದರೆ ಬೈದಾಟ ಬೇಡ. ಅದೇ ನಿಯಮ ಹೇಳುವ ಸಮಿತಿಯ ಮುಂದೆ ಕೂತು ತೀರಿಸಿಕೊಳ್ಳೋಣ.

ನಾವು ಎಲ್ಲಕ್ಕಿಂತ ಮೊದಲು ಕೇಳುವುದು ಈ ಕೆಲಸ ಮಾಡುವವರಿಗೆ ಲಸಿಕೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಅದೇ ಕಾಯಿಲೆಯನ್ನು ಮೊದಲೇ ಹಾಕಿಸಿಕೊಳ್ಳುವ ಚುಚ್ಚುಮದ್ದಿನಿಂದ, ಕಚ್ಚಿದೊಡನೆ ಗಾಯವನ್ನು ಸೋಪು ನೀರಿನಲ್ಲಿ ಕಾಲು ಗಂಟೆ ತೊಳೆಯುವುದರಿಂದ, ತಡಮಾಡದೆ ಪಡೆಯುವ ಚಿಕಿತ್ಸೆಯಿಂದ ತಡೆಯಬಹುದು. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ರೇಬೀಸ್ ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಿದೆ. ಇಂಥ ನೆರೆಯಲ್ಲಿ ಬಲೆ ಹಿಡಿಯುವ ಹುಡುಗನೊಬ್ಬ ಚುಚ್ಚುಮದ್ದಿಲ್ಲದೆ ಕೆಲಸಕ್ಕೆ ಇಳಿಯುವುದು ನಾಚಿಕೆಗೇಡು. ಗುತ್ತಿಗೆ ಯಾರದೇ ಇರಲಿ, ಮುಂಚಿತ ಲಸಿಕೆ, ದಪ್ಪ ಕೈಗವಸು, ಅಪಘಾತ ವಿಮೆ, ತಿಂಗಳ ಐದನೇ ತಾರೀಕಿನೊಳಗೆ ಸಂಬಳ ಇವಿಷ್ಟೂ ಕರಾರಿನಲ್ಲೇ ಬರೆದಿರಬೇಕು. ಪಾಲಿಕೆ ಒಂದಿದ್ದಾಗಲೂ ಕೇಳಬೇಕಿದ್ದ ಮಾತಿದು. 2025ರ ಸೆಪ್ಟೆಂಬರಿನಿಂದ ಊರಿಗೆ ಐದು ನಗರ ಪಾಲಿಕೆಗಳಾಗಿವೆ, ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರವನ್ನು ಐವರಲ್ಲಿ ಯಾರಿಂದಲೂ ನಾವು ಒಪ್ಪುವುದಿಲ್ಲ.

ನಾಯಿಗಳದಷ್ಟೇ ಕಥೆಯಲ್ಲ. ತುರಹಳ್ಳಿ ಕಾಡಿನಂಚಿನ ಬನಶಂಕರಿ 6ನೇ ಹಂತದಲ್ಲಿ ಮಳೆ ಬಿದ್ದರೆ ಹಾವಿನ ಕರೆಗಳು ಶುರು. ಕೇರೆಯೋ ನಾಗರವೋ ನೋಡದೆ ದೊಣ್ಣೆ ಎತ್ತುವವರ ನಡುವೆ ನಿಂತು ಅದನ್ನು ಚೀಲಕ್ಕಿಳಿಸಬೇಕು. ಆಷಾಢದ ಗಾಳಿಗೆ ಗಾಳಿಪಟ ಹಾರಿದರೆ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿದ ಹದ್ದುಗಳು ಮರದಲ್ಲಿ ತೂಗುತ್ತವೆ. ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಅವನ್ನು ತಲುಪಿಸುವವರಿಗೆ ದಾರಿ ಖರ್ಚೂ ಯಾರೂ ಕೊಡುವುದಿಲ್ಲ. ಗಾಜುಪುಡಿ ಹಚ್ಚಿದ ದಾರ, ನೈಲಾನ್ ದಾರ ಎರಡಕ್ಕೂ ರಾಜ್ಯದಲ್ಲಿ ನಿಷೇಧವಿದೆ. ಆಷಾಢಕ್ಕೆ ಮುಂಚೆ ಅಂಗಡಿಗಳಲ್ಲಿ ತಪಾಸಣೆ ನಡೆಯಲಿ.

1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ ಈ ಊರಿನಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದರು. ದೆಹಲಿ, ಜೈಪುರಗಳಲ್ಲಿ ದುಡಿದು ಬಂದಿದ್ದ ಜೀವ ಅದು. ಅಂಥವರ ಮೇಲೆ ನಮಗೆ ಅಪಾರ ಗೌರವ. ಆದರೆ ಒಬ್ಬೊಬ್ಬರ ತ್ಯಾಗವನ್ನೇ ನಂಬಿ ಒಂದು ಊರು ನಡೆಯಬಾರದು. ದಕ್ಷಿಣ ಬೆಂಗಳೂರಿನಲ್ಲಿ ರಾತ್ರಿಯಿಡೀ ತೆರೆದಿರುವ ಸರ್ಕಾರಿ ಪಶು ಆಸ್ಪತ್ರೆಯೊಂದು ಬೇಕು, ಬೀದಿಪ್ರಾಣಿಗೆ ಬಿಲ್ ಕೇಳದ ಆಸ್ಪತ್ರೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಮೊದಲ ಸಲ ತಪ್ಪು ಮಾಡಿದವರಿಗೆ ಇವತ್ತಿಗೂ 10ರಿಂದ 50 ರೂಪಾಯಿ ದಂಡ. ಈ ಕಾಯ್ದೆಯ ಲೆಕ್ಕದಲ್ಲಿ ಹಿಂಸೆಯ ಬೆಲೆ ಒಂದು ಪ್ಲೇಟ್ ಇಡ್ಲಿಯಷ್ಟೇ ಎಂದಾಯಿತು. ಸಂಸತ್ತು ಇದನ್ನು ತಿದ್ದಬೇಕು. ನಮ್ಮ ಸಂಸದರನ್ನು ನಾವು ಬಿಡದೆ ಕೇಳುತ್ತೇವೆ.

ನಮ್ಮ ಮೇಲೂ ಕಟ್ಟುಪಾಡುಗಳಿವೆ. ಶಾಲೆಯ ಗೇಟಿನಲ್ಲಿ, ಮಕ್ಕಳ ಆಟದ ಜಾಗದಲ್ಲಿ ಊಟ ಹಾಕುವುದಿಲ್ಲ. ಉಳಿದ ಅನ್ನ, ಹಾಳೆ, ಪ್ಲಾಸ್ಟಿಕ್ ಎತ್ತದೆ ಹೊರಡುವುದಿಲ್ಲ. ಮೊಬೈಲ್ ಕ್ಯಾಮೆರಾಗೆ ಹೆಡೆ ಎತ್ತಿಸುವ ಹಾವಾಡಿಗತನ ಮಾಡಿದವರಿಗೆ ನಮ್ಮಲ್ಲಿ ಜಾಗವಿಲ್ಲ. ಹಿಡಿದ ಹಾವು ಅರಣ್ಯ ಇಲಾಖೆಯ ಲೆಕ್ಕಕ್ಕೆ ಬರಲೇಬೇಕು. ಬೆಳಿಗ್ಗೆ ಪೇಪರ್ ಹಾಕುವ ಹುಡುಗನಿಗೆ, ವಾಕಿಂಗ್ ಹೊರಟ ತಾತನಿಗೆ ನಾಯಿ ಕಚ್ಚಿದರೆ ‘ನೀವೇನು ಮಾಡಿದಿರಿ’ ಎಂದು ಕೇಳದೆ ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಪದೇಪದೇ ಕಚ್ಚುವ ನಾಯಿಯನ್ನು ಪ್ರೀತಿಯ ನೆಪದಲ್ಲಿ ಬಚ್ಚಿಡುವುದಿಲ್ಲ, ಪಾಲಿಕೆಗೆ ತಿಳಿಸಿ ನಿಗಾದಲ್ಲಿ ಇರಿಸುತ್ತೇವೆ. ಇಷ್ಟನ್ನು ಒಪ್ಪಲಾಗದವರು ನಮ್ಮ ಜತೆ ಬರುವುದು ಬೇಡ.

ಚಳವಳಿಯ ಮೊದಲ ಕೆಲಸ ಮೆರವಣಿಗೆಯಲ್ಲ, ಎರಡು ಪಟ್ಟಿಗಳು. ಒಂದರಲ್ಲಿ ನಾಲ್ಕೂ ಬಡಾವಣೆಗಳ ಅಡ್ಡರಸ್ತೆ ಅಡ್ಡರಸ್ತೆಗೂ ಇನ್ನೂ ಕಿವಿಗುರುತು ಬೀಳದ ಹೆಣ್ಣುನಾಯಿಗಳು, ಅವು ಯಾರ ಕರೆಗೆ ಬರುತ್ತವೆ ಎಂಬ ವಿವರದೊಂದಿಗೆ. ಇನ್ನೊಂದರಲ್ಲಿ ರೇಬೀಸ್ ಚುಚ್ಚುಮದ್ದು ಸಿಗದೆ ಈ ಕೆಲಸ ಮಾಡುತ್ತಿರುವ ಪ್ರತಿಯೊಬ್ಬರೂ. ಎರಡನೆಯ ಪಟ್ಟಿಯನ್ನು ಮೊದಲು ಮುಗಿಸಿ ಪಾಲಿಕೆಯ ಪಶುಪಾಲನಾ ಅಧಿಕಾರಿಗಳ ಕೈಗೆ ಕೊಡುತ್ತೇವೆ. ಅನ್ನ ಹಾಕುವವರು, ಬಲೆ ಹಿಡಿಯುವವರು, ನಾಯಿ ಕಂಡರೆ ಹೆದರುವವರು, ಎಲ್ಲರೂ ಬನ್ನಿ; ನಿಮ್ಮ ಬೀದಿಯ ಹಾಳೆಯನ್ನು ನೀವೇ ತುಂಬಿಕೊಡಿ.