ಮಕ್ಕಳಿಗೆ ಟ್ಯಾಬ್ ಬೇಡ, ಶಾಲೆಗೊಂದು ಪ್ರಿಂಟರ್ ಕೊಡಿ

ಶಾಲೆಗೆ ಏನಾದರೂ ಕೊಡಿಸಬೇಕೆಂದು ನಮ್ಮ ತಾಂಡಾದ ಹುಡುಗನೊಬ್ಬ ಪುಣೆಯಿಂದ ಫೋನ್ ಮಾಡಿದ್ದ. ಇಲ್ಲೇ ಅಕ್ಷರ ಕಲಿತು ಈಗ ಅಲ್ಲಿ ಕೆಲಸಕ್ಕಿರುವವನು. ಒಂದನೇ ತರಗತಿಯ ಮಕ್ಕಳಿಗೆ ಟ್ಯಾಬ್ ಕೊಡಿಸಲೋ, ನಲಿ-ಕಲಿ ಕೋಣೆಗೆ ದೊಡ್ಡ ಸ್ಮಾರ್ಟ್ ಟಿವಿ ಕೊಡಿಸಲೋ ಎಂದು ಕೇಳಿದ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಾನು, ಎರಡೂ ಬೇಡ, ಒಂದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್, ಒಂದಿಷ್ಟು ಕಾಗದ, ಒಂದು ಬ್ಲೂಟೂತ್ ಸ್ಪೀಕರ್ ಕೊಡಿಸಲಿ ಎಂದೆ. 'ಅಕ್ಕೋರ, ಎಲ್ಲಾ ಸಾಲಿಗೂ ಟಿವಿ ಬರಾಕತ್ತಾವ, ನೀವ್ ನೋಡಿದ್ರ ಪ್ರಿಂಟರ್ ಅಂತೀರಲ್ಲ' ಎಂದರು ಅಧ್ಯಕ್ಷರು. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ. ದಾನಿಗಳು ಮುಂದೆ ಬಂದ ಶಾಲೆಗಳಲ್ಲೆಲ್ಲ ಈಗ ಇದೇ ಪ್ರಶ್ನೆ ಎದ್ದಿದೆ.

ನಾನು ಫೋನು, ಇಂಟರ್ನೆಟ್ಟುಗಳ ವಿರೋಧಿಯಲ್ಲ. ವಿಜಯಪುರ ಜಿಲ್ಲೆಯ ತಾಂಡಾವೊಂದಕ್ಕೆ ಅಂಟಿಕೊಂಡಿರುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಲಿ-ಕಲಿ ತರಗತಿ ನೋಡಿಕೊಳ್ಳುವವಳು ನಾನು. ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುವ ಸಾಮಗ್ರಿ ಇಲ್ಲದಿದ್ದರೆ ನನ್ನ ತರಗತಿಯ ಓದುವ ಮೂಲೆ ಅರ್ಧ ಖಾಲಿಯಾಗಿರುತ್ತಿತ್ತು. ನನ್ನ ವಾದ ಇಷ್ಟೇ: ಐದಾರು ವರ್ಷದ ಮಕ್ಕಳ ಕೋಣೆಯಲ್ಲಿ ಈ ಉಪಕರಣಗಳು ಶಿಕ್ಷಕಿಯ ಕೈಯಲ್ಲಿರಬೇಕು. ಮಕ್ಕಳ ಕೈಗೆ ಬರುವಾಗ ಅವು ಕಾಗದವಾಗಿ, ದನಿಯಾಗಿ, ಆಟವಾಗಿ ಬರಬೇಕು.

ನಲಿ-ಕಲಿ ಯಾಕೆ ಹುಟ್ಟಿತು ಎಂಬುದನ್ನು ನೆನೆದರೆ ಟಿವಿ ಯಾಕೆ ಬೇಡ ಎಂಬುದೂ ತಿಳಿಯುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ಕಣ್ಣಾರೆ ಕಂಡು ಬಂದ ಸರ್ಕಾರಿ ಶಾಲಾ ಶಿಕ್ಷಕರೇ ಇದನ್ನು ಕಟ್ಟಿದರು. ಎಲ್ಲ ಮಕ್ಕಳೂ ಕರಿಹಲಗೆಯತ್ತ ಮುಖ ಮಾಡಿ, ಒಂದೇ ಹೊತ್ತಿಗೆ ಒಂದೇ ಪಾಠ ಕೇಳುವ ಪದ್ಧತಿಯನ್ನು ಅವರು ಒಡೆದರು. ಪ್ರತಿ ಮಗುವಿಗೂ ಅದರದೇ ವೇಗ, ಅದರದೇ ಮೈಲಿಗಲ್ಲು. ಮಕ್ಕಳು ಕೂರುವ ಗುಂಪುಗಳನ್ನು ನಾವು ತಟ್ಟೆ ಎನ್ನುತ್ತೇವೆ; ಒಂದು ತಟ್ಟೆಯ ಮಕ್ಕಳು ನನ್ನ ಜೊತೆ ಓದುತ್ತಿದ್ದರೆ ಇನ್ನೊಂದು ತಟ್ಟೆಯವರು ತಮ್ಮ ಪಾಡಿಗೆ ಕಾರ್ಡು ಜೋಡಿಸುತ್ತಿರುತ್ತಾರೆ. 2009ರಿಂದ ಇದು ರಾಜ್ಯದುದ್ದಕ್ಕೂ ಬಂತು. ಈಗ ಅದೇ ಕೋಣೆಯ ಗೋಡೆಗೆ ದೊಡ್ಡ ಟಿವಿ ಹಾಕಿದರೆ ಏನಾಗುತ್ತದೆ? ಎಲ್ಲ ಮುಖಗಳೂ ಮತ್ತೆ ಒಂದೇ ದಿಕ್ಕಿಗೆ ತಿರುಗುತ್ತವೆ. ತಟ್ಟೆಗಳು ಕರಗುತ್ತವೆ. ಹಿಂದೆ ಉಳಿದ ಮಗು ಹಿಂದೆಯೇ ಉಳಿಯುತ್ತದೆ, ಮುಂದೆ ಹೋದದ್ದು ಕಾಯುತ್ತ ಕೂರುತ್ತದೆ. ಮೂವತ್ತು ವರ್ಷಗಳ ಹಿಂದೆ ಶಿಕ್ಷಕರು ಕಷ್ಟಪಟ್ಟು ಹೊರಹಾಕಿದ್ದ ಪದ್ಧತಿಯನ್ನು ನಾವೇ ಬಣ್ಣ ಬಳಿದು ಒಳಗೆ ಕರೆದಂತಾಗುತ್ತದೆ.

ಹಾಗಾದರೆ ಪ್ರಿಂಟರ್ ಯಾಕೆ? ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನದಂದೇ, ಸ್ಟೋರಿವೀವರ್ ಎಂಬ ತಾಣ ತೆರೆಯಿತು. ಚಿತ್ರ ಸಮೇತ ಮಕ್ಕಳ ಕಥೆಗಳು ಅಲ್ಲಿ ರಾಶಿ ರಾಶಿ ಇವೆ, ಕನ್ನಡದಲ್ಲೂ ಧಾರಾಳವಾಗಿ ಇವೆ. ಆಗತಾನೆ ಓದಲು ಕಲಿಯುವವರಿಗೆ ಒಂದು ಹಂತ, ಸರಾಗ ಓದುವವರಿಗೆ ಇನ್ನೊಂದು ಎಂದು ವಿಂಗಡಿಸಿಟ್ಟಿದ್ದಾರೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು, ಕಷ್ಟದ ವಾಕ್ಯವನ್ನು ಸುಲಭ ಮಾಡಿಕೊಳ್ಳಬಹುದು. ಇಷ್ಟು ದೊಡ್ಡ ಭಂಡಾರವನ್ನು ಐದು ಇಂಚಿನ ಗಾಜಿನ ಮೇಲೆ ತೋರಿಸಿ ಸುಮ್ಮನಾಗುವುದು ನನಗೆ ಸಂಕಟವೆನಿಸುತ್ತದೆ. ಮುದ್ರಿಸಿ, ನಡುವೆ ಮಡಚಿ, ಪಿನ್ ಹೊಡೆದು ಕೊಟ್ಟರೆ ಅದು ಮಗುವಿನ ಪುಸ್ತಕ. ಕಪ್ಪು-ಬಿಳುಪಾದರೆ ಇನ್ನೂ ಒಳ್ಳೆಯದು, ಬಣ್ಣ ಮಕ್ಕಳೇ ತುಂಬುತ್ತಾರೆ. ಆನೆ ಹಸಿರಾಗುತ್ತದೆ, ಆಗಲಿ. ಆ ಪುಸ್ತಕ ಚೀಲದಲ್ಲಿ ಮನೆಗೆ ಹೋಗುತ್ತದೆ, ರಾತ್ರಿ ಅಣ್ಣ ಓದುತ್ತಾನೆ, ತಂಗಿ ಹರಿಯುತ್ತಾಳೆ, ಮತ್ತೊಂದು ಮುದ್ರಿಸುತ್ತೇನೆ. ಸದ್ಯ ಇದನ್ನೆಲ್ಲ ಪಟ್ಟಣದ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಕೈಯಿಂದ ಹಣ ಕೊಟ್ಟು ಮಾಡಿಸುತ್ತೇನೆ. ನನ್ನಂತೆ ಮಾಡುವ ಶಿಕ್ಷಕಿಯರು ಬಹಳ ಮಂದಿ ಇದ್ದಾರೆ, ಅವರು ಯಾರೂ ಇದನ್ನು ಹೇಳಿಕೊಳ್ಳುವುದಿಲ್ಲ.

ಇನ್ನು ಸ್ಪೀಕರ್ ವಿಷಯ. ನಮ್ಮ ಮಕ್ಕಳ ಮನೆಮಾತು ಲಂಬಾಣಿ. ಒಂದನೇ ತರಗತಿಗೆ ಬರುವ ಮಗು ಪಠ್ಯಪುಸ್ತಕದ ಕನ್ನಡವನ್ನು ಹೊಸದಾಗಿಯೇ ಕೇಳುತ್ತದೆ. ದೀಪಾವಳಿ ಕಳೆದರೆ ಎಷ್ಟೋ ಮಕ್ಕಳ ತಂದೆ-ತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ. ಒಬ್ಬ ಹುಡುಗಿ ತಾಯಿ ಹೋದ ಮೇಲೆ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಅವಳ ತಾಯಿಗೆ ಫೋನ್ ಮಾಡಿ, ರಾತ್ರಿ ಮಗಳಿಗೆ ಹೇಳುತ್ತಿದ್ದ ಯಾವುದಾದರೂ ಕಥೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹೇಳಿ ಕಳಿಸವ್ವಾ ಎಂದೆ. 'ನನಗೇನ್ ಕಥಿ ಬರ್ತಾವರೀ ಅಕ್ಕೋರ' ಎಂದು ಮೊದಲು ನಾಚಿಕೊಂಡಳು. ಎರಡು ದಿನ ಬಿಟ್ಟು ಒಂದು ದನಿ ಬಂತು. ನರಿಯೊಂದು ಸಜ್ಜೆ ಹೊಲಕ್ಕೆ ನುಗ್ಗಿ ಸಿಕ್ಕಿಬೀಳುವ ಕಥೆ, ಪೂರ್ತಿ ಲಂಬಾಣಿಯಲ್ಲಿ, ಹಿಂದೆ ಎತ್ತಿನ ಕೊರಳಗಂಟೆಯ ಸದ್ದು.

ಅದನ್ನು ಫೋನಿನ ಸ್ಪೀಕರ್‌ನಲ್ಲೇ ಹಾಕಿದೆ. ಒಂದೇ ದಿನಕ್ಕೆ ನನ್ನ ತರಗತಿಯ ಲೆಕ್ಕಾಚಾರವೇ ಬದಲಾಯಿತು, ಯಾಕೆಂದರೆ ಈಗ ಕಥೆ ತಿಳಿಯದವಳು ನಾನು, ತಿಳಿದವರು ಮಕ್ಕಳು. ಆ ಹುಡುಗಿ ಎದ್ದು ನಿಂತು, ನರಿ ಹೇಗೆ ಬಂತೆಂದು ನನಗೆ ಅಭಿನಯಿಸಿ ತೋರಿಸಿದಳು. ಮೂರನೇ ತರಗತಿಯ ಹುಡುಗ ಕನ್ನಡದಲ್ಲಿ ಹೇಳಿದ, ಬೇರೆಯವರು 'ಹಂಗಲ್ಲ' ಎಂದು ತಿದ್ದಿದರು. ಅವರು ಒಪ್ಪಿದ ವಾಕ್ಯಗಳನ್ನು ನಾನು ಹಲಗೆಯ ಮೇಲೆ ಬರೆದೆ, ಅವರು ಚಿತ್ರ ಬಿಡಿಸಿದರು, ಅದನ್ನೇ ಪುಸ್ತಕ ಮಾಡಿ ಮುಖಪುಟಕ್ಕೆ ಕಥೆಗಾರ್ತಿಯೆಂದು ತಾಯಿಯ ಹೆಸರು ಹಾಕಿದೆವು. ಆಮೇಲೆ ಬೇರೆ ತಾಯಂದಿರೂ, ಇಬ್ಬರು ಅಜ್ಜಂದಿರೂ ದನಿ ಕಳಿಸಿದರು. ಇದಕ್ಕೆ ಬೇಕಾದದ್ದು ಎಲ್ಲರ ಫೋನಿನಲ್ಲೂ ಇರುವ ರೆಕಾರ್ಡರ್, ಕೋಣೆಗೆಲ್ಲ ಕೇಳಿಸಲು ಒಂದು ಸ್ಪೀಕರ್, ಅಷ್ಟೇ. ಅಕ್ಷರ ಬಾರದ ತಾಯಿಯೊಬ್ಬಳು ನೂರಾರು ಕಿಲೋಮೀಟರ್ ದೂರದ ಕಬ್ಬಿನ ಗದ್ದೆಯಿಂದ ಮಗಳ ತರಗತಿಯಲ್ಲಿ ಪಾಠ ಮಾಡಿದಳು. ತಂತ್ರಜ್ಞಾನ ಸಣ್ಣ ಮಕ್ಕಳಿಗೆ ಮಾಡಬಹುದಾದ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಂಡಿಲ್ಲ.

ಪರದೆಯ ಮೇಲೆಯೇ ನೋಡಬೇಕಾದದ್ದೂ ಕೆಲವು ಇವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಉಚಿತವಾಗಿ ಕೊಡುವ ಮರ್ಲಿನ್ ಆ್ಯಪ್ ಹಕ್ಕಿಯ ಕೂಗು ಕೇಳಿ ಯಾವ ಹಕ್ಕಿಯೆಂದು ಹೇಳುತ್ತದೆ. ಬೇವಿನ ಮರದ ಕೆಳಗೆ ಫೋನ್ ಹಿಡಿದು ನಿಲ್ಲುತ್ತೇನೆ, ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ, ಕೆಂಬೂತದ ಚಿತ್ರ ಮೂಡುತ್ತದೆ. ಫೋನ್ ಚೀಲಕ್ಕೆ ಹೋಗುತ್ತದೆ. ಆಮೇಲೆ ಅರ್ಧ ತಾಸು ಕೋಣೆ ತುಂಬ ಕೆಂಬೂತಗಳೇ. ಉಪಗ್ರಹ ನಕ್ಷೆಯಲ್ಲಿ ತಾಂಡಾದ ಗುಡಿ, ಬಾವಿ ತೋರಿಸಿ, ಅಂಗಳದ ಮಣ್ಣಿನಲ್ಲಿ ಅದನ್ನೇ ಕಟ್ಟಿಸುವುದೂ ಹೀಗೆಯೇ.

ಪರದೆಯನ್ನು ಇಷ್ಟರಲ್ಲೇ ನಿಲ್ಲಿಸುವುದು ನನ್ನ ಮಡಿವಂತಿಕೆಯಲ್ಲ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮೂರು-ನಾಲ್ಕು ವರ್ಷದವರು ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ನಮ್ಮ ಅಂಗನವಾಡಿಯಿಂದ ಒಂದನೇ ತರಗತಿಗೆ ಹತ್ತಿ ಬರುವವರು ಇದೇ ಮಕ್ಕಳು, ಆ ಒಂದು ತಾಸು ಮನೆಯಲ್ಲೇ ಯಾವಾಗಲೋ ಮುಗಿದಿರುತ್ತದೆ. ಕೋವಿಡ್ ಹೊತ್ತಿನಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ನಿಲ್ಲಿಸಿತು, ಮುಂದಿನ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಗ ಚರ್ಚೆಯೆಲ್ಲ ಯಾರ ಮನೆಯಲ್ಲಿ ಫೋನ್ ಇದೆ, ಯಾರಲ್ಲಿಲ್ಲ ಎಂಬುದರ ಸುತ್ತ ನಡೆಯಿತು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಫೋನ್ ಇದ್ದರೂ ಅದರ ಮುಂದೆ ಕೂತ ಐದು ವರ್ಷದ ಮಗು ಏನು ಕಲಿಯುತ್ತದೆ ಎಂಬ ಮಾತನ್ನು ನಾವು ಅರ್ಧಕ್ಕೇ ಬಿಟ್ಟೆವು.

ಉಚಿತ ಎಂಬುದಕ್ಕೂ ಬೆಲೆ ಇದೆ. ಶಿಶುಗೀತೆ ಹಾಕಿದರೆ ನಡುವೆ ಜಾಹೀರಾತು ಬರುತ್ತದೆ, ಗೀತೆ ಮುಗಿದರೆ ತಾನಾಗಿ ಮತ್ತೊಂದು ಶುರುವಾಗುತ್ತದೆ, ಅದನ್ನು ಆರಿಸಿದ್ದು ನಾನೂ ಅಲ್ಲ, ಮಗುವೂ ಅಲ್ಲ. ಕೆಲವು ಆ್ಯಪ್‌ಗಳು ತೆರೆಯುವ ಮೊದಲೇ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಪೋಷಕರ ಮೊಬೈಲ್ ಸಂಖ್ಯೆ ಕೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಕ್ಕಳ ನಡವಳಿಕೆಯ ಜಾಡು ಹಿಡಿಯಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಕಾಯ್ದೆ ತನ್ನ ಕೆಲಸ ಮಾಡಲಿ, ಕೋಣೆಯ ಬಾಗಿಲಲ್ಲಿ ನಿಂತಿರುವವಳು ನಾನು. ಮಗುವಿನ ಹೆಸರು ಕೇಳುವ ಆ್ಯಪ್ ನನ್ನ ತರಗತಿಯೊಳಗೆ ಬರುವುದಿಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್‌ವರ್ಕ್ ಇಲ್ಲದೆಯೂ ನಡೆಯುವಂಥದ್ದನ್ನೇ ಆರಿಸುತ್ತೇನೆ, ಯಾಕೆಂದರೆ ನಮ್ಮಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಮಾಳಿಗೆಯ ಮೇಲೆ ಮಾತ್ರ. ಮಕ್ಕಳ ಮುಖ ಕಾಣುವ ಫೋಟೊವನ್ನು ಸ್ಟೇಟಸ್‌ಗೆ ಹಾಕುವುದಿಲ್ಲ. ಪೋಷಕರು ಬೇಸರ ಮಾಡಿಕೊಂಡದ್ದೂ ಉಂಟು, ಕೂರಿಸಿಕೊಂಡು ಹೇಳಿದರೆ ಅವರಿಗೆ ತಿಳಿಯುತ್ತದೆ.

ಇಲಾಖೆಗೆ, ಜನಪ್ರತಿನಿಧಿಗಳಿಗೆ ನನ್ನ ಬೇಡಿಕೆ ಸಣ್ಣದು. ಶಾಲಾ ಅನುದಾನದಲ್ಲಿ ಕಾಗದಕ್ಕೆ, ಟೋನರ್‌ಗೆ ಪ್ರತ್ಯೇಕ ಮೊತ್ತ ತೆಗೆದಿಡಿ. ಪ್ರತಿ ಶಾಲೆಗೂ ಪ್ರಿಂಟರ್ ಕೊಡಲಾಗದಿದ್ದರೆ ಕ್ಲಸ್ಟರಿಗೊಂದು ಕೊಡಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಕಚೇರಿಯಲ್ಲಿ ಇಡಿ, ತಿಂಗಳ ಸಮಾಲೋಚನಾ ಸಭೆಗೆ ಬಂದಾಗ ಮುದ್ರಿಸಿಕೊಂಡು ಹೋಗುತ್ತೇವೆ. ಪಕ್ಕದ ಅಂಗನವಾಡಿಯ ಕಾರ್ಯಕರ್ತೆಗೂ ಅದನ್ನು ಬಳಸಲು ಬಿಡಿ. ಅವಳ ಬಳಿ ಫೋನ್ ಇದೆ, ಆದರೆ ತೂಕ, ಎತ್ತರ, ಹಾಜರಿ ತುಂಬಿಸುವುದರಲ್ಲೇ ಅವಳ ಹೊತ್ತು ಕಳೆಯುತ್ತದೆ, ಕಥೆ ಹೇಳಲು ಅದನ್ನು ಹೇಗೆ ಬಳಸಬೇಕೆಂದು ಅವಳಿಗೆ ಯಾರೂ ತೋರಿಸಿಲ್ಲ. ಅದೇ ಸಮಾಲೋಚನಾ ಸಭೆಯಲ್ಲಿ ಒಂದು ತಾಸನ್ನು ಇದಕ್ಕೆ ಮೀಸಲಿಟ್ಟರೆ, ಕಥೆ ಇಳಿಸುವುದು, ಪುಟ ಜೋಡಿಸುವುದು, ದನಿ ಮುದ್ರಿಸುವುದನ್ನು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುನ್ನ ಇಷ್ಟು ಆಗಲಿ, ಟಿವಿಯ ಮಾತನ್ನು ದೊಡ್ಡ ತರಗತಿಗಳ ಶಿಕ್ಷಕರೊಡನೆ ಆಮೇಲೆ ಆಡೋಣ.