ಹುಟ್ಟಿನಿಂದಲೇ ದುಷ್ಟವಾದ ಕುಲವುಂಟೆ? ಆಟದ ಪುಸ್ತಕದ ಪ್ರಶ್ನೆಗೆ ಧಾರವಾಡದ ಉತ್ತರ

ಹುಬ್ಬಳ್ಳಿ: ಅಮೆರಿಕದ ಆಟವೊಂದರ ನಿಯಮ ಪುಸ್ತಕದಲ್ಲಿ ಒಂದು ಪದ ಬದಲಾದರೆ ಹುಬ್ಬಳ್ಳಿ-ಧಾರವಾಡಕ್ಕೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಆ ಪದದ ಹಿಂದಿರುವ ಪ್ರಶ್ನೆಯನ್ನು ಧಾರವಾಡದ ರಂಗಸಾಹಿತ್ಯ ಬಹಳ ಮೊದಲೇ ಎತ್ತಿಕೊಂಡಿತ್ತು.

1974ರಲ್ಲಿ ಆರಂಭವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರಾಭಿನಯದ ಆಟ. ಮೇಜಿನ ಸುತ್ತ ಕುಳಿತವರು ತಲಾ ಒಂದು ಪಾತ್ರ ವಹಿಸಿ, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಮನುಷ್ಯ, ಕುಬ್ಜ, ಓರ್ಕ್ ಮುಂತಾದ ಪಾತ್ರವರ್ಗಗಳಿಗೆ ದಶಕಗಳಿಂದ ಇದ್ದ ‘ರೇಸ್’, ಅಂದರೆ ಜನಾಂಗ ಎಂಬ ಹೆಸರನ್ನು 2024ರ ನಿಯಮಾವಳಿಯಲ್ಲಿ ಕೈಬಿಟ್ಟು ‘ಸ್ಪೀಷೀಸ್’ ಎಂಬ ಪದವನ್ನು ಬಳಸಲಾಗಿದೆ.

ಆಕ್ಷೇಪ ಕೇವಲ ಪದದ ಬಗ್ಗೆ ಇರಲಿಲ್ಲ. 2016ರಲ್ಲಿ ಬಂದ ಪುಸ್ತಕವೊಂದರಲ್ಲಿ ಓರ್ಕ್ ಪಾತ್ರಕ್ಕೆ ಬುದ್ಧಿಶಕ್ತಿಯಲ್ಲಿ 2 ಅಂಕ ಕಡಿತವಿತ್ತು. ಅಂದರೆ ದಡ್ಡತನ ವ್ಯಕ್ತಿಯದ್ದಲ್ಲ, ಕುಲದ್ದು. ಇಂಥ ಚಿತ್ರಣ ವಾಸ್ತವ ಜಗತ್ತಿನ ಸಮುದಾಯಗಳನ್ನು ಹೀಗಳೆಯುವ ರೀತಿಯನ್ನೇ ನೆನಪಿಸುತ್ತದೆಂದು ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2020ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಆ ಕಡಿತವೂ ರದ್ದಾಯಿತು.

ಕಾರ್ನಾಡರ ರಾಕ್ಷಸಕನ್ಯೆ

ಹಾಗಾದರೆ ಕಲ್ಪನಾಲೋಕದಿಂದ ಪೂರ್ವಗ್ರಹವನ್ನೇ ಅಳಿಸಿಹಾಕಬೇಕೆ? ಅನ್ಯಾಯವಿಲ್ಲದ ಕಥೆಯಲ್ಲಿ ಪಾತ್ರಗಳಿಗೆ ಕೆಲಸವೇನು ಎಂಬುದು ಇನ್ನೊಂದು ಪಕ್ಷದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ.

ಇಲ್ಲಿ ಗಿರೀಶ ಕಾರ್ನಾಡರು ನೆನಪಾಗುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ ‘ಯಯಾತಿ’ಯಲ್ಲಿ ಶರ್ಮಿಷ್ಠೆ ರಾಕ್ಷಸರಾಜನ ಮಗಳು, ದೇವಯಾನಿಯ ದಾಸಿ. ಅವಳ ಕುಲದ ಬಗೆಗಿನ ತಿರಸ್ಕಾರ ನಾಟಕದಲ್ಲಿದೆ. ಆದರೆ ಅದು ಪಾತ್ರಗಳ ಮಾತು, ನಾಟಕದ ತೀರ್ಪಲ್ಲ. ಶರ್ಮಿಷ್ಠೆಗೆ ಅಲ್ಲಿ ಬುದ್ಧಿಯೂ ಇದೆ, ಹರಿತವಾದ ನಾಲಗೆಯೂ ಇದೆ.

‘ಅಗ್ನಿ ಮತ್ತು ಮಳೆ’ಯಲ್ಲಿ ಬ್ರಾಹ್ಮಣ ಯುವಕ ಅರವಸುವನ್ನು ಪ್ರೀತಿಸಿದ ಬೇಡರ ಹುಡುಗಿ ನಿತ್ತಿಲೆ ಕೊನೆಗೆ ತನ್ನವರ ಕೈಯಲ್ಲೇ ಹತಳಾಗುತ್ತಾಳೆ. ರಾಕ್ಷಸನ ಮುಖವಾಡ ಧರಿಸಿದ ಅರವಸುವನ್ನು ಆ ಮುಖವಾಡವೇ ಆವರಿಸಿಕೊಳ್ಳುತ್ತದೆ. ರಾಕ್ಷಸತನ ಹುಟ್ಟಿನಿಂದ ಬರುವುದಲ್ಲ, ಯಾರನ್ನಾದರೂ ಹಿಡಿಯಬಹುದು.

ಇದಕ್ಕೂ ಮೊದಲು, 1944ರಲ್ಲಿ, ಕುವೆಂಪು ಅವರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಅಸ್ತ್ರ ಶಂಬೂಕನನ್ನು ಬಿಟ್ಟು, ಅವನ ವಧೆ ಬಯಸಿದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಪೂರ್ವಗ್ರಹವನ್ನು ಇಲ್ಲಿ ಮರೆಮಾಚಿಲ್ಲ. ಅದರ ಲೆಕ್ಕ ಯಾರು ತೀರಿಸಬೇಕೆಂಬುದು ಬದಲಾಗಿದೆ.

ವ್ಯತ್ಯಾಸ ಇರುವುದು ಇಲ್ಲಿಯೇ. ಪೂರ್ವಗ್ರಹ ಪಾತ್ರದ ಬಾಯಲ್ಲಿದ್ದರೆ ಅದನ್ನು ಪ್ರಶ್ನಿಸಬಹುದು. ನಿಯಮದ ಪುಸ್ತಕದಲ್ಲೇ ಅಂಕವಾಗಿ ಅಚ್ಚಾದರೆ ಅದು ಆ ಲೋಕದ ಸತ್ಯವಾಗಿಬಿಡುತ್ತದೆ.

ಎದುರಿಗೆ ಕುಳಿತವರು ಯಾರು?

ಆದರೂ ರಂಗಭೂಮಿಯ ಪಾಠವನ್ನು ಹಾಗೆಯೇ ಆಟದ ಮೇಜಿಗೆ ತರಲಾಗದು. ನಾಟಕದ ಮಾತು ಮೊದಲೇ ಬರೆದದ್ದು, ತಾಲೀಮು ಮಾಡಿದ್ದು. ಆಟದ ಮಾತು ಆ ಕ್ಷಣದ್ದು. ಬೈಗುಳ ಕೇಳಿಸಿಕೊಳ್ಳುವವರು ಎದುರಿಗೇ ಕುಳಿತಿರುತ್ತಾರೆ.

ಕೊಪ್ಪಳ ಜಿಲ್ಲೆಯ ಮರಕುಂಬಿ ಇಲ್ಲಿಂದ ಬಹುದೂರದ ಊರಲ್ಲ. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ ಹಿನ್ನೆಲೆಯಲ್ಲಿ 2014ರಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರು ತಿಂಗಳು ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ದೊರೆಯಿತು.

ಇಂಥ ಊರಿನಿಂದ ಬಂದ ತರುಣನೊಬ್ಬ ಆಟಕ್ಕೆ ಕುಳಿತಿದ್ದಾನೆಂದು ಭಾವಿಸಿ. ಓರ್ಕ್‌ಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂಬ ಕಥೆ ಮಿಕ್ಕವರಿಗೆ ಕಲ್ಪನೆ, ಅವನಿಗಲ್ಲ. ಆದ್ದರಿಂದ ಯಾವ ವಿಷಯ ಬರಲಿದೆ, ಯಾವುದು ಬೇಡ ಎಂಬುದನ್ನು ಆಟಕ್ಕೆ ಮೊದಲೇ ಎಲ್ಲರೂ ಕೂಡಿ ನಿರ್ಧರಿಸುವುದು ಒಳ್ಳೆಯದು. ಇದು ಅಭಿವ್ಯಕ್ತಿಗೆ ಕಡಿವಾಣವಲ್ಲ, ಜೊತೆಗೆ ಕುಳಿತವರಿಗೆ ತೋರುವ ಕನಿಷ್ಠ ಮರ್ಯಾದೆ.

ಪದ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗದು, ನಿಜ. ಆದರೆ ಒಂದು ಕುಲವೇ ದಡ್ಡ, ಒಂದು ಕುಲವೇ ದುಷ್ಟ ಎಂಬ ಮಾತನ್ನು ದಾಳದ ಲೆಕ್ಕದಿಂದ ತೆಗೆದುಹಾಕಲು ಅಲ್ಲಿ ಸುಮಾರು ಐವತ್ತು ವರ್ಷ ಬೇಕಾಯಿತು. ನಮ್ಮ ಊರುಗಳ ಲೆಕ್ಕದಿಂದ ಅದನ್ನು ತೆಗೆಯಲು ಇನ್ನೆಷ್ಟು ಕಾಲ ಬೇಕು?